ಪಟ್ಟಿಯಲ್ಲಿರುವ ಸದಸ್ಯರು ಹುಡುಕಿದರೆ ಸಿಗುವುದಿಲ್ಲ, ಯಾಕೆ?

ಪ್ರಶ್ನೆ: ನಮ್ಮ ಸಹಕಾರಿ ಸಂಘಕ್ಕೆ ಕುಂದಾಪುರ, ಬ್ರಹ್ಮಾವರಗಳಲ್ಲೂ ಶಾಖೆಗಳಿವೆ. ಸರ್ವರನ್ನು ಸೆಂಟ್‌ಒಎಸ್ 7ರಿಂದ ಆಲ್ಮಾಲಿನಕ್ಸ್ 9ಕ್ಕೆ ಬದಲಾಯಿಸಿದೆವು. ಪೋಸ್ಟ್‌ಗ್ರೆಸ್ ಮೊದಲೂ 13, ಈಗಲೂ 13. ಡೇಟಾ ಫೋಲ್ಡರನ್ನು ಹಾಗೆಯೇ ನಕಲು ಮಾಡಿದೆವು. ಈಗ ಪಟ್ಟಿಯಲ್ಲಿ ಕಾಣುವ ಕೆಲವು ಸದಸ್ಯರು ಹುಡುಕಿದರೆ ಸಿಗುತ್ತಿಲ್ಲ. ಒಂದೇ ಸದಸ್ಯ ಸಂಖ್ಯೆ ಎರಡು ಸಲ ದಾಖಲಾಗಿದೆ. ಯಾಕೆ ಹೀಗೆ?
– ಒಬ್ಬ ಓದುಗರು, ಬೈಂದೂರು

ಉತ್ತರ: ನೀವು ಹೇಳಿದ ಲಕ್ಷಣಗಳೆಲ್ಲ ಇಂಡೆಕ್ಸ್ ಕೆಟ್ಟಿರುವುದನ್ನೇ ತೋರಿಸುತ್ತವೆ. ಮೂಲ ದಾಖಲೆಗಳು ಅಲ್ಲೇ ಇವೆ, ಗಾಬರಿ ಬೇಡ. ಪೋಸ್ಟ್‌ಗ್ರೆಸ್ ಬದಲಾಗದಿದ್ದರೂ ಅದು ಅವಲಂಬಿಸಿರುವ ಜಿಲಿಬ್‌ಸಿ ಎಂಬ ಲೈಬ್ರರಿ ಬದಲಾಗಿದೆ. ಸೆಂಟ್‌ಒಎಸ್ 7ರಲ್ಲಿ ಇದ್ದದ್ದು 2.17, ಆಲ್ಮಾಲಿನಕ್ಸ್ 9ರಲ್ಲಿ ಇರುವುದು 2.34. ಇವೆರಡರ ನಡುವೆ, 2018ರ ಆಗಸ್ಟ್‌ನಲ್ಲಿ ಬಂದ 2.28, ಅಕ್ಷರಗಳ ವಿಂಗಡಣೆಯ ನಿಯಮಗಳನ್ನೇ ದೊಡ್ಡ ಪ್ರಮಾಣದಲ್ಲಿ ತಿದ್ದಿತು.

ಯಾವ ಪದ ಮೊದಲು, ಯಾವುದು ನಂತರ ಎಂದು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಈ ಲೈಬ್ರರಿಯನ್ನೇ ಕೇಳುತ್ತದೆ. ನಿಮ್ಮ ಇಂಡೆಕ್ಸ್ ಹಳೆಯ ಕ್ರಮದಲ್ಲಿ ಜೋಡಿಸಿದ್ದು, ಹುಡುಕಾಟ ಹೊಸ ಕ್ರಮದಲ್ಲಿ ನಡೆಯುತ್ತಿದೆ. ನಿಘಂಟಿನ ಪುಟಗಳನ್ನು ಒಂದು ಕ್ರಮದಲ್ಲಿ ಹೊಲಿದು, ಪದವನ್ನು ಇನ್ನೊಂದು ಕ್ರಮದಲ್ಲಿ ಹುಡುಕಿದಂತೆ ಇದು. ಸಂಖ್ಯೆ ಮೊದಲೇ ಇದೆಯೇ ಎಂದು ನೋಡುವುದೂ ಇಂಡೆಕ್ಸ್ ಮೂಲಕವೇ ಆದ್ದರಿಂದ, ಅದು ಕಾಣದೆ ಎರಡನೆಯ ಸಲವೂ ಒಳಗೆ ಸೇರಿತು.

ನೀವೇ ಪರೀಕ್ಷಿಸಿ ನೋಡಬಹುದು. ಒಂದು ಫೈಲಿನಲ್ಲಿ 11 ಮತ್ತು 1-1 ಎಂದು ಎರಡು ಸಾಲು ಬರೆದು, ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ ಸಾರ್ಟ್ ಆಜ್ಞೆ ಕೊಡಿ. ಹಳೆಯ ಯಂತ್ರ 11 ಅನ್ನು ಮೊದಲಿಡುತ್ತದೆ, ಹೊಸದು 1-1 ಅನ್ನು. ನಮ್ಮ ಕಡೆ ಪಂಚಾಯತಿಯ ಮನೆ ನಂಬರಿನಲ್ಲೂ ಅಡ್ಡಗೆರೆ ಇರುತ್ತದೆ. ನಿಮ್ಮ ಸದಸ್ಯ ಸಂಖ್ಯೆಗಳಲ್ಲೂ ಇದ್ದರೆ ತೊಂದರೆ ಅಲ್ಲಿಂದಲೇ ಶುರುವಾಗಿರಬಹುದು. ಡೇಟಾಬೇಸಿನ ಪೂರ್ವನಿಯೋಜಿತ ವಿಂಗಡಣೆ ಹೀಗೆ ಬದಲಾದಾಗ ಎಚ್ಚರಿಕೆ ಕೊಡುವ ವ್ಯವಸ್ಥೆ ಬಂದದ್ದು 15ನೇ ಆವೃತ್ತಿಯಲ್ಲಿ. ಹಾಗಾಗಿ 13 ಸುಮ್ಮನಿತ್ತು.

ಮೊದಲು ಹೊಸ ದಾಖಲಾತಿ ನಿಲ್ಲಿಸಿ, ಬ್ಯಾಕಪ್ ತೆಗೆಯಿರಿ. ಇಂಡೆಕ್ಸ್ ಬಳಕೆಯನ್ನು ಆಫ್ ಮಾಡಿ ಜೋಡಿ ದಾಖಲೆಗಳನ್ನು ಹುಡುಕಿ ಸರಿಪಡಿಸಿ. ಅವು ಉಳಿದರೆ ಯೂನಿಕ್ ಇಂಡೆಕ್ಸ್ ಕಟ್ಟಲಾಗುವುದಿಲ್ಲ. ಅದಾದ ಮೇಲೆ ಇಡೀ ಡೇಟಾಬೇಸಿಗೆ ರೀಇಂಡೆಕ್ಸ್ ಕೊಡಿ.

ಈಗಾಗಲೇ 2025ರ ನವೆಂಬರ್‌ನಲ್ಲಿ 13ರ ಬೆಂಬಲ ಮುಗಿದಿರುವುದರಿಂದ ಮುಂದಿನ ಆವೃತ್ತಿಗೂ ಹೋಗಲೇಬೇಕು. ಆಗ ಪಿಜಿ ಡಂಪ್ ಮೂಲಕ ಹೋಗುವುದು ಒಳ್ಳೆಯದು, ಏಕೆಂದರೆ ಅದರಲ್ಲಿ ಇಂಡೆಕ್ಸ್‌ಗಳು ಹೊಸದಾಗಿ ಕಟ್ಟಲ್ಪಡುತ್ತವೆ. ಪಿಜಿ ಅಪ್‌ಗ್ರೇಡ್ ಹಳೆಯ ಇಂಡೆಕ್ಸನ್ನೇ ಹೊತ್ತು ತರುತ್ತದೆ. ಶಾಖೆಗಳ ಕಂಪ್ಯೂಟರುಗಳನ್ನೂ ನೋಡಿಕೊಳ್ಳಿ. ಅವುಗಳಲ್ಲಿ ಪೋಸ್ಟ್‌ಗ್ರೆಸ್ ಸಂಪರ್ಕಕ್ಕೆ ಬಳಸುವ ಲಿಬ್‌ಪಿಕ್ಯೂ ಲೈಬ್ರರಿಯ ಫೈಲಿನ ಹೆಸರು ಹಲವು ವರ್ಷಗಳಿಂದ ಅದೇ ಇದ್ದರೂ, 10ಕ್ಕಿಂತ ಹಳೆಯದಕ್ಕೆ ಸ್ಕ್ರ್ಯಾಮ್ ಪಾಸ್‌ವರ್ಡ್ ಪದ್ಧತಿ ಗೊತ್ತಿಲ್ಲ. 14ರಿಂದ ಅದೇ ಪೂರ್ವನಿಯೋಜಿತ.

ವಿಂಗಡಣೆಯ ಈ ಗೋಜಲೇ ಬೇಡವೆಂದು ಕೆಲವರು ಸಿ ಕ್ರಮವನ್ನು ಆರಿಸುತ್ತಾರೆ. ಅದು ಯುನಿಕೋಡ್ ಸಂಖ್ಯೆಯನ್ನಷ್ಟೇ ನೋಡುವುದರಿಂದ ಲೈಬ್ರರಿ ಬದಲಾದರೂ ಕದಲುವುದಿಲ್ಲ. ಆದರೆ ಯುನಿಕೋಡ್‌ನಲ್ಲಿ ‘ಳ’ದ ಸ್ಥಾನ ‘ವ’ಕ್ಕಿಂತ ಮೊದಲು. ವರ್ಣಮಾಲೆಯ ಪ್ರಕಾರ ಕಾವ್ರಾಡಿ ಮೊದಲು, ಕಾಳಾವರ ನಂತರ. ಸಿ ಕ್ರಮದಲ್ಲಿ ಇದು ತಿರುಗುಮುರುಗು. ಸದಸ್ಯ ಸಂಖ್ಯೆಗೆ ಸಿ ಕ್ರಮ ಧಾರಾಳವಾಗಿ ಸಾಕು. ಜನ ಓದುವ ಹೆಸರಿನ ಪಟ್ಟಿಗೆ ಮಾತ್ರ ಐಸಿಯು ಲೈಬ್ರರಿಯ ಕನ್ನಡ ಕ್ರಮವನ್ನೇ ಬಳಸಿ ಎಂಬುದು ನನ್ನ ಸಲಹೆ. ಅದೂ ಬದಲಾಗುತ್ತದೆ, ಆದರೆ ಬದಲಾದರೆ ಪೋಸ್ಟ್‌ಗ್ರೆಸ್ ಎಚ್ಚರಿಸುತ್ತದೆ.

ಹಳೆಯ ಸರ್ವರಿನ ಡಿಸ್ಕ್ ಇನ್ನೂ ಇದ್ದರೆ, ಮೂರೂ ಕಡೆಯ ಲೆಕ್ಕ ತಾಳೆಯಾಗುವವರೆಗೆ ದಯವಿಟ್ಟು ಅಳಿಸಬೇಡಿ.