ಮಾನ್ಯಖೇಟದ ಪತನ ಮತ್ತು ಸಾಮಂತರ ಏಳಿಗೆ

ಸಾಮ್ರಾಜ್ಯವೊಂದು ಕುಸಿದಾಗ ಅದರ ಆಳಿಕೆ ಯಾರ ಕೈ ಸೇರುತ್ತದೆ? ಈ ಪ್ರಶ್ನೆಗೆ ನಮ್ಮ ಪಾಠಶಾಲೆಗಳಲ್ಲಿ ರೋಮಿನ ದೃಷ್ಟಾಂತವನ್ನು ಕೊಡುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಕೊಡ್ಲಿ ಸೀಮೆಯ ಮಕ್ಕಳಿಗೆ ಟೈಬರ್ ನದಿಯ ಕಥೆಯನ್ನು ಹೇಳುವಾಗ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವನ್ನು ಮರೆಯುವುದು ಉಚಿತವಲ್ಲ. ರಾಷ್ಟ್ರಕೂಟ ಚಕ್ರವರ್ತಿಗಳ ಮಾನ್ಯಖೇಟವೆಂದರೆ ಇದೇ.

ಕ್ರಿ.ಶ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳರನ್ನು ಸೋಲಿಸಿದ ಮೂರನೆಯ ಕೃಷ್ಣನು 967ರಲ್ಲಿ ಕಾಲವಾದನು. ಅನಂತರ ಐದೇ ವರ್ಷಗಳಲ್ಲಿ, 972ರಲ್ಲಿ, ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೈದನು. ಧನಪಾಲನೆಂಬ ವಿದ್ವಾಂಸನು ತನ್ನ ಪ್ರಾಕೃತ ಕೋಶವಾದ ‘ಪಾಇಯಲಚ್ಛೀ’ಯ ರಚನಾಕಾಲವನ್ನು ಈ ಸೂರೆಯಿಂದಲೇ ಗುರುತಿಸಿದ್ದಾನೆ. ನಗರವೊಂದರ ಸಂಕಟವು ನಿಘಂಟಿನ ಕಾಲಗಣನೆಗೆ ಒದಗಿತು! ಮರುವರ್ಷವೇ ತೈಲಪನು ಎರಡನೆಯ ಕರ್ಕನನ್ನು ಸೋಲಿಸಿ ಸಿಂಹಾಸನವನ್ನು ವಶಪಡಿಸಿಕೊಂಡನು.

ಈ ತೈಲಪನು ಯಾರು? ಹೊರಗಿನಿಂದ ಬಂದ ಶತ್ರುವಲ್ಲ, ರಾಷ್ಟ್ರಕೂಟರದೇ ಸಾಮಂತ. ಇಂದಿನ ವಿಜಯಪುರ ಜಿಲ್ಲೆಯ ತರ್ದವಾಡಿ ಸಾಸಿರ ನಾಡನ್ನು ಕೃಷ್ಣನಿಂದಲೇ ಪಡೆದು ಆಳುತ್ತಿದ್ದವನು. ಅವನ ರಾಣಿ ಜಾಕಬ್ಬೆ ರಾಷ್ಟ್ರಕೂಟ ಕುಲದವಳು. ಸೂರೆಹೋದ ನಗರವನ್ನು ಸೀಯಕನು ಬಿಟ್ಟುಹೋದನು. ತೈಲಪನಾದರೋ ಅಲ್ಲಿಯೇ ನೆಲೆನಿಂತನು. ರಾಜಧಾನಿಯು ಕಲ್ಯಾಣಕ್ಕೆ ಹೋದುದು ಮುಂದೆ ಒಂದನೆಯ ಸೋಮೇಶ್ವರನ ಕಾಲದಲ್ಲಿ. ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳ ವಿಭಾಗವೂ ಶಾಸನಗಳ ಭಾಷೆಯೂ ಮೊದಲಿನಂತೆಯೇ ಉಳಿದುವು. ಗಂಗ ಮಾರಸಿಂಹನು ನಾಲ್ವಡಿ ಇಂದ್ರನಿಗೆ ಪಟ್ಟಕಟ್ಟಿ ಹಳೆಯ ವಂಶವನ್ನು ಎತ್ತಿನಿಲ್ಲಿಸಲು ಯತ್ನಿಸಿದನು, ಫಲಿಸಲಿಲ್ಲ. ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದನು.

ರೋಮಿನಲ್ಲಿ ನಡೆದುದೂ ಇಂಥದೇ. 476ರಲ್ಲಿ ಪಶ್ಚಿಮದ ಕೊನೆಯ ಚಕ್ರವರ್ತಿ ರೋಮುಲಸನನ್ನು ಪದಚ್ಯುತಗೊಳಿಸಿದ ಓಡೋಆಕರನು ರೋಮನ್ ಸೈನ್ಯದಲ್ಲಿಯೇ ದಳಪತಿಯಾಗಿದ್ದವನು. ಅವನ ಬಳಿಕ ಇಟಲಿಯನ್ನಾಳಿದ ಥಿಯೊಡೊರಿಕನು ಗಾಥರ ದೊರೆಯಾದರೂ ರೋಮನ್ ಅಧಿಕಾರಿಗಳಿಂದಲೇ ರಾಜ್ಯವನ್ನು ನಡೆಸಿದನು. ‘ಡ್ಯೂಕ್’, ‘ಕೌಂಟ್’ ಎಂಬ ಬಿರುದುಗಳ ಮೂಲವಾದ ‘ಡುಕ್ಸ್’, ‘ಕೋಮೆಸ್’ ಎಂಬವು ರೋಮನ್ನರ ಅಧಿಕಾರಪದಗಳು. ಸಂಬಳದ ಹುದ್ದೆಗಳು ಕಾಲಕ್ರಮದಲ್ಲಿ ವಂಶಪಾರಂಪರ್ಯದ ಒಡೆತನಗಳಾದುವು. 800ರಲ್ಲಿ ಶಾರ್ಲೆಮೇನನು ಧರಿಸಿದ ಚಕ್ರವರ್ತಿಪದವೂ ರೋಮಿನದೇ. ಬಾದಾಮಿಯ ಚಾಲುಕ್ಯರ ‘ಪೃಥ್ವೀವಲ್ಲಭ’ ಬಿರುದನ್ನು ಅವರನ್ನು ಕೆಡವಿದ ರಾಷ್ಟ್ರಕೂಟರು ಧರಿಸಿದುದನ್ನು ಇದರೊಡನೆ ಹೋಲಿಸಬಹುದು. ಭೇದವೂ ಉಂಟು. ಪಶ್ಚಿಮ ಯೂರೋಪಿನಲ್ಲಿ ಪಟ್ಟಣಗಳು ಕುಗ್ಗಿ, ನಾಣ್ಯವು ವಿರಳವಾಗಿ, ಓದುಬರಹವು ಬಹುಮಟ್ಟಿಗೆ ಕ್ರೈಸ್ತ ಮಠಗಳನ್ನು ಆಶ್ರಯಿಸಿತು. ಇಲ್ಲಿ ಅಂಥ ಕತ್ತಲೆ ಕವಿಯಲಿಲ್ಲ. ರನ್ನನು ‘ಕವಿಚಕ್ರವರ್ತಿ’ಯೆನಿಸಿದುದು ತೈಲಪನಿಂದಲೇ.

ಆದರೂ ರೋಗದ ಬೇರು ಉಳಿದೇ ಇತ್ತು. ಸಾಮಂತನೊಬ್ಬನಿಗೆ ನಾಡನ್ನೂ ದಂಡನ್ನೂ ಒಟ್ಟಿಗೆ ಒಪ್ಪಿಸಿದರೆ ಅರಸನು ಬಲಿಷ್ಠನಾಗಿರುವವರೆಗೆ ಮಾತ್ರ ಕ್ಷೇಮ. ಕಲ್ಯಾಣದ ಚಾಲುಕ್ಯರು ಈ ಏರ್ಪಾಟನ್ನು ತಿದ್ದಲಿಲ್ಲ. ಕಳಚುರಿ ಬಿಜ್ಜಳನು ಅವರ ಮಹಾಮಂಡಲೇಶ್ವರನಾಗಿದ್ದು, ಅದೇ ತರ್ದವಾಡಿ ನಾಡನ್ನು ಆಳಿ, 1162ರ ವೇಳೆಗೆ ಸಾಮ್ರಾಟನ ಬಿರುದುಗಳನ್ನು ಧರಿಸಿದನು. ತೈಲಪನು ಏರಿದ ಮೆಟ್ಟಿಲನ್ನೇ ಅವನೂ ಏರಿದನೆಂಬುದನ್ನು, ಶರಣರ ಕಥೆಯ ಮೂಲಕ ಬಿಜ್ಜಳನನ್ನು ಬಲ್ಲ ನಾವು ಅಷ್ಟಾಗಿ ಗಮನಿಸಿಲ್ಲ.

ರಾಜವಂಶ ಅಳಿದಾಗ ವಿದ್ಯಾಸ್ಥಾನಗಳ ಗತಿಯೇನಾಯಿತು? ಕೃಷ್ಣನ ಕಾಲದಲ್ಲಿ, 945ರಲ್ಲಿ, ಸಾಲೋಟಗಿಯಲ್ಲಿ ವಿದ್ಯಾಶಾಲೆಗೆ ದತ್ತಿ ದೊರೆತಿತ್ತು. ಚಾಲುಕ್ಯ ಸೋಮೇಶ್ವರನ ಕಾಲದಲ್ಲಿ, 1058ರಲ್ಲಿ, ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನಕ್ಕೆ ದತ್ತಿ ದೊರೆಯಿತು. ಅಲ್ಲಿ ವೇದಾಧ್ಯಯನಕ್ಕೆ 200 ಮಂದಿ ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನಕ್ಕೆ ಸುಮಾರು 50 ಮಂದಿ, ಅವರಿಗೆ ಉಪಾಧ್ಯಾಯರು. ಇವರಲ್ಲದೆ ಗ್ರಂಥಗಳನ್ನು ಕಾಯಲು 6 ಮಂದಿ ಸರಸ್ವತೀ ಭಂಡಾರಿಗರು. ಇಂದಿನ ಎಷ್ಟು ಶಾಲೆಗಳಲ್ಲಿ ಒಬ್ಬ ಗ್ರಂಥಪಾಲನಾದರೂ ಇದ್ದಾನೆ? ಉಪಾಧ್ಯಾಯ ಮಿತ್ರರು ಮಕ್ಕಳನ್ನು ಮಳಖೇಡದ ಕೋಟೆಗೆ ಕರೆದೊಯ್ಯುವ ದಿನ ನಾಗಾವಿಯ ಅರವತ್ತು ಕಂಬದ ಗುಡಿಯನ್ನೂ ತೋರಿಸಿಕೊಂಡು ಬರಬೇಕು.