ಶಾಖೆ, ಮುದ್ರೆ ಮತ್ತು ಒಪ್ಪಿಸುವ ನಿಯಮ
(ಗಣಕಯಂತ್ರದ ಗ್ರಂಥಸಂಪಾದನೆಯನ್ನು ಕುರಿತು ಒಂದು ಪಾಠ)

ಪೀಠಿಕೆ

ಗ್ರಂಥವೊಂದು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಸಾಗುವಾಗ ಏನೇನು ಸಂಭವಿಸುವುದೆಂಬುದನ್ನು ಹಸ್ತಪ್ರತಿಗಳೊಡನೆ ಬಾಳಿದವರು ಚೆನ್ನಾಗಿ ಬಲ್ಲರು. ವಕೀಲಿ ವೃತ್ತಿಯನ್ನು ಕೈಗೊಂಡು ೧೯೦೪ರಲ್ಲಿ ವಿಜಯಪುರಕ್ಕೆ ಬಂದು ನೆಲೆಸಿದ ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಡವೋಲೆಯ ಕಟ್ಟುಗಳನ್ನು ಕೂಡಿಸಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನೂ ೧೯೨೬ರಿಂದ 'ಶಿವಾನುಭವ' ಪತ್ರಿಕೆಯನ್ನೂ ಬೆಳಕಿಗೆ ತಂದರು. ವಚನಗಳ ಕಟ್ಟುಗಳನ್ನು ಎದುರಿಗಿಟ್ಟುಕೊಂಡು ಕುಳಿತವರಿಗೆಲ್ಲ ಎದುರಾಗುವ ತೊಡಕು ಒಂದೇ: ಅದೇ ವಚನ ಎರಡು ಕಟ್ಟುಗಳಲ್ಲಿ ಎರಡು ಬಗೆಯಾಗಿರುತ್ತದೆ. ಯಾವುದು ಮಾತೃಕೆ, ಯಾವುದು ಪ್ರತಿ? ಯಾರು ತಿದ್ದಿದರು, ಯಾವಾಗ ತಿದ್ದಿದರು? ಲಿಪಿಕಾರನು ಅದನ್ನು ಬರೆದಿಡದೆ ಹೋದರೆ ಉತ್ತರ ಹೇಳುವವರಿಲ್ಲ.

ಇಂದು ಗ್ರಂಥಗಳು ಗಣಕಯಂತ್ರದಲ್ಲಿ ಸಿದ್ಧವಾಗುತ್ತವೆ. ಹಲವು ಊರುಗಳಲ್ಲಿರುವವರು ಒಂದೇ ಪಾಠವನ್ನು ಏಕಕಾಲದಲ್ಲಿ ತಿದ್ದುತ್ತಾರೆ. ಹಳೆಯ ತೊಡಕು ಹೊಸ ವೇಷದಲ್ಲಿ ಮರಳಿ ಬಂದಿದೆ. ಅದಕ್ಕೆ ದೊರೆತಿರುವ ಒಂದು ಪರಿಹಾರವನ್ನೂ ಅದರ ನಿಯಮಗಳನ್ನೂ ಅಧ್ಯಾಪಕ ಮಿತ್ರರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಗಿಟ್ ಎಂಬ ವ್ಯವಸ್ಥೆ

ಲಿನಕ್ಸ್ ತಂತ್ರಾಂಶದ ಕರ್ತೃವಾದ ಲೀನುಸ್ ಟೊರ್ವಾಲ್ಡ್ಸ್ ಅವರು ೨೦೦೫ರಲ್ಲಿ 'ಗಿಟ್' ಎಂಬ ವ್ಯವಸ್ಥೆಯನ್ನು ರೂಪಿಸಿದರು. ಬರವಣಿಗೆಯ ಪ್ರತಿಯೊಂದು ಹಂತವನ್ನೂ, ಅದನ್ನು ಮಾಡಿದವರ ಹೆಸರು ಮತ್ತು ವೇಳೆಯೊಡನೆ ಕಾದಿಡುವುದು ಇದರ ಕೆಲಸ. ಅಂತಹ ಒಂದೊಂದು ಹಂತಕ್ಕೂ 'ಕಮಿಟ್' ಎಂದು ಹೆಸರು. ನಾವು ದಾಖಲೆ ಎನ್ನೋಣ. ಪ್ರತಿಯೊಂದು ದಾಖಲೆಯೂ ತನ್ನ ಹಿಂದಿನ ದಾಖಲೆ ಯಾವುದೆಂಬುದನ್ನು ತನ್ನೊಳಗೆ ಹೇಳಿಕೊಂಡಿರುತ್ತದೆ. ಹೀಗೆ ಒಂದು ವಂಶಾವಳಿ ಬೆಳೆಯುತ್ತದೆ.

ಹಳೆಯ ಲಿಪಿಕಾರನು ಪ್ರತಿ ಮಾಡುವಾಗ ಗ್ರಂಥದ ಕಡೆಯ ರೂಪ ಮಾತ್ರ ಇಳಿದು ಬರುತ್ತಿತ್ತು. ಗಿಟ್‌ನಲ್ಲಿ ಪ್ರತಿ ಮಾಡಿಕೊಂಡವನಿಗೆ ಸಾಮಾನ್ಯವಾಗಿ ಗ್ರಂಥದ ಸಮಗ್ರ ಚರಿತ್ರೆಯೇ ದೊರೆಯುತ್ತದೆ. ನಮ್ಮ ಭೂತನಾಳದ ಕೆರೆಯಿಂದ ತುಂಬಿ ತಂದ ಕೊಡದಲ್ಲಿ ಕೊಡದಷ್ಟೇ ನೀರು. ಇಲ್ಲಿಯಾದರೋ ತಂದ ಕೊಡದಲ್ಲಿ ಕೆರೆಯೇ ಇರುತ್ತದೆ. ವಿತರಿತ ವ್ಯವಸ್ಥೆ ಎಂಬ ಮಾತಿನ ಅರ್ಥ ಇದೇ. ಎಲ್ಲರೂ ಒಪ್ಪಿ ಒಂದು ಭಂಡಾರವನ್ನು ಸಾಮಾನ್ಯ ನೆಲೆಯೆಂದು ಇಟ್ಟುಕೊಳ್ಳುತ್ತಾರೆ. ತನ್ನಲ್ಲಿರುವುದನ್ನು ಆ ನೆಲೆಗೆ ಕಳುಹಿಸುವ ಕ್ರಿಯೆಗೆ 'ಪುಶ್', ಅರ್ಥಾತ್ ಒಪ್ಪಿಸುವುದು, ಎಂದು ಹೆಸರು.

ಶಾಖೆ ಮತ್ತು ಮುದ್ರೆ

ಒಪ್ಪಿಸುವ ವಸ್ತುಗಳಲ್ಲಿ ಎರಡು ಬಗೆ ಮುಖ್ಯವಾದವು. ಮೊದಲನೆಯದು 'ಬ್ರಾಂಚ್', ಅಂದರೆ ಶಾಖೆ. ಇದು ಬೆಳೆಯುವ ಹೆಸರು. ಹೊಸ ದಾಖಲೆ ಸೇರಿದಂತೆಲ್ಲ ತುದಿ ಮುಂದಕ್ಕೆ ಸರಿಯುತ್ತದೆ. ಎರಡನೆಯದು 'ಟ್ಯಾಗ್', ಅಂದರೆ ಮುದ್ರೆ. ಇದು ನಿಂತ ಹೆಸರು. ಒಂದೇ ದಾಖಲೆಯ ಮೇಲೆ ಒತ್ತಿ ಬಿಟ್ಟದ್ದು. 'ಪ್ರಥಮ ಪರಿಷ್ಕರಣ' ಎಂದು ಮುದ್ರೆಯೊತ್ತಿದ ಪಾಠ ಎಂದೆಂದಿಗೂ ಅದೇ ಪಾಠವಾಗಿರಬೇಕು.

ಮುದ್ರೆಯಲ್ಲಿಯೂ ಎರಡು ವಿಧ. ಬರಿಯ ಹೆಸರಿನದು ಒಂದು. ಒತ್ತಿದವರ ಹೆಸರು, ದಿನಾಂಕ ಮತ್ತು ಟಿಪ್ಪಣಿಯನ್ನು ಹೊತ್ತದ್ದು ಮತ್ತೊಂದು. ಎರಡನೆಯದು ನಮ್ಮ ಓಲೆಗ್ರಂಥಗಳ ಕೊನೆಯಲ್ಲಿ ಬರುವ ಪುಷ್ಪಿಕೆಯಂತೆ. ಸಂವತ್ಸರ, ಮಾಸ, ತಿಥಿ, ಬರೆದವನ ಹೆಸರುಗಳಿರುವ ಪುಷ್ಪಿಕೆಯನ್ನು ಕಂಡಾಗ ಸಂಶೋಧಕನಿಗಾಗುವ ಸಮಾಧಾನ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಲೋಕಕ್ಕೆ ಒಪ್ಪಿಸುವ ಮುದ್ರೆ ಈ ಜಾತಿಯದಾಗಿರುವುದು ಲೇಸು.

ಒಪ್ಪಿಸುವ ನಿಯಮಗಳು

ಒಂದನೆಯ ನಿಯಮ: ಏನನ್ನು, ಎಲ್ಲಿಗೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. 'ಗಿಟ್ ಪುಶ್' ಎಂದು ಬರೆದು, ಬಳಿಕ ನೆಲೆಯ ಹೆಸರನ್ನೂ ಶಾಖೆಯ ಹೆಸರನ್ನೂ ಬರೆಯುವುದು ಕ್ರಮ. ಇಲ್ಲಿಯ ಹೆಸರು ಬೇರೆ, ಅಲ್ಲಿಯ ಹೆಸರು ಬೇರೆಯಾದರೆ ಎರಡರ ನಡುವೆ ಜೋಡಿಚುಕ್ಕೆ ಇಡಬೇಕು; ಎಡಕ್ಕೆ ನಮ್ಮದು, ಬಲಕ್ಕೆ ನೆಲೆಯದು. ಎಡಗಡೆ ಏನನ್ನೂ ಬರೆಯದೆ ಬಿಟ್ಟರೆ ನೆಲೆಯಲ್ಲಿರುವ ಆ ಹೆಸರೇ ಅಳಿಸಿಹೋಗುತ್ತದೆ. ವ್ಯಾಕರಣ ಓದಿದವರಿಗೆ ಇದು ಸುಲಭವಾಗಿ ನೆನಪಿನಲ್ಲಿ ನಿಲ್ಲುತ್ತದೆ: ಸ್ಥಾನದಲ್ಲಿ ಬೇರೊಂದು ಬಂದರೆ ಆದೇಶ, ಏನೂ ಬಾರದಿದ್ದರೆ ಲೋಪ. ೨೦೧೪ಕ್ಕೆ ಮೊದಲು, ಹೆಸರು ಹೇಳದೆ ಒಪ್ಪಿಸಿದರೆ ಎರಡೂ ಕಡೆ ಸಮಾನ ಹೆಸರಿನಲ್ಲಿರುವ ಎಲ್ಲ ಶಾಖೆಗಳೂ ಒಟ್ಟಿಗೆ ಹೋಗುತ್ತಿದ್ದವು. ಆ ವರ್ಷ ಬಂದ ೨.೦ ಆವೃತ್ತಿಯಿಂದ, ಬೇರೆ ಏರ್ಪಾಡು ಮಾಡಿಕೊಳ್ಳದಿದ್ದರೆ, ಕೆಲಸ ನಡೆದಿರುವ ಶಾಖೆಯೊಂದೇ ಹೋಗುತ್ತದೆ.

ಎರಡನೆಯ ನಿಯಮ: ಶಾಖೆ ಮುಂದಕ್ಕೇ ಸರಿಯಬೇಕು. ನೆಲೆಯಲ್ಲಿರುವ ತುದಿಯು ನಾವು ಒಪ್ಪಿಸುವ ತುದಿಗೆ ಪೂರ್ವಜವಾಗಿದ್ದರೆ ಮಾತ್ರ ಗಿಟ್ ಅದನ್ನು ಸ್ವೀಕರಿಸುತ್ತದೆ. ನಡುವೆ ಇನ್ನೊಬ್ಬರು ತಮ್ಮ ತಿದ್ದುಪಡಿಯನ್ನು ಒಪ್ಪಿಸಿದ್ದರೆ ನಮ್ಮದು ತಿರಸ್ಕೃತವಾಗುತ್ತದೆ. ಆಗ ಅವರದನ್ನು ತರಿಸಿಕೊಂಡು, ನಮ್ಮದರೊಡನೆ ಹೊಂದಿಸಿ, ಮತ್ತೆ ಒಪ್ಪಿಸಬೇಕು. ಈ ತಿರಸ್ಕಾರವನ್ನು ಕಂಡು ಬೇಸರಪಡಬಾರದು. ಪರರ ದುಡಿಮೆಯನ್ನು ನಮ್ಮ ಅವಸರದಿಂದ ಕಾಯುವ ಬೇಲಿ ಅದು.

ಮೂರನೆಯ ನಿಯಮ: ಮುದ್ರೆಯನ್ನು ಸರಿಸಬಾರದು. ೨೦೧೩ರ ೧.೮.೨ ಆವೃತ್ತಿಯಿಂದ, ಹೊಸ ದಾಖಲೆ ಹಳೆಯದರ ಸಂತತಿಯೇ ಆಗಿದ್ದರೂ, ನೆಲೆಯಲ್ಲಿರುವ ಮುದ್ರೆಯ ಜಾಗ ಬದಲಿಸಲು ಗಿಟ್ ಒಪ್ಪುವುದಿಲ್ಲ. ಶಾಖೆಗೆ ಸಲ್ಲುವ ನಡಿಗೆ ಮುದ್ರೆಗೆ ಸಲ್ಲದು.

ನಾಲ್ಕನೆಯ ನಿಯಮ: ಶಾಖೆಯನ್ನು ಒಪ್ಪಿಸಿದ ಮಾತ್ರಕ್ಕೆ ಮುದ್ರೆ ಹೋಗುವುದಿಲ್ಲ. ಅದನ್ನು ಹೆಸರು ಹೇಳಿ ಪ್ರತ್ಯೇಕವಾಗಿ ಒಪ್ಪಿಸಬೇಕು. ಇದ್ದ ಮುದ್ರೆಗಳನ್ನೆಲ್ಲ ಒಮ್ಮೆಲೆ ಕಳುಹಿಸುವ ಉಪಾಯವೂ ಉಂಟು. ಆದರೆ ನಮ್ಮ ಗುರುತಿಗೆಂದು ಒತ್ತಿಕೊಂಡ ಖಾಸಗಿ ಮುದ್ರೆಗಳೂ ಆಗ ಬಯಲಿಗೆ ಬೀಳುತ್ತವೆ.

ಐದನೆಯ ನಿಯಮ: ಶಾಖೆಗೂ ಮುದ್ರೆಗೂ ಒಂದೇ ಹೆಸರಿಡಬಾರದು. ಇಟ್ಟರೆ, ಬರಿಯ ಹೆಸರು ಹೇಳಿ ಒಪ್ಪಿಸಲು ಹೋದಾಗ ಯಾವುದೆಂದು ತಿಳಿಯದೆ ಗಿಟ್ ನಿಂತುಬಿಡುತ್ತದೆ.

ಇವು ಉತ್ಸರ್ಗಗಳು. ಅಪವಾದವೂ ಒಂದಿದೆ: 'ಫೋರ್ಸ್', ಅಂದರೆ ಬಲಾತ್ಕಾರ. ಇದರಿಂದ ಎರಡನೆಯ ಮತ್ತು ಮೂರನೆಯ ನಿಯಮಗಳನ್ನು ಮುರಿಯಬಹುದು. ನೆಲೆಯನ್ನು ನಡೆಸುವವರು ಇದನ್ನು ನಿಷೇಧಿಸಿಡಲೂಬಹುದು. ತನ್ನೊಬ್ಬನದೇ ಆದ ಶಾಖೆಯಲ್ಲಿ ಇದಕ್ಕೆ ಎಡೆಯಿದೆ. ನಾಲ್ವರು ನಂಬಿ ನಿಂತ ಶಾಖೆಯಲ್ಲಿ ಇಲ್ಲ.

ನನ್ನ ತಪ್ಪು

ನಿಯಮವನ್ನು ಹೇಳುವವನು ಅದನ್ನು ಮುರಿದ ಕಥೆಯನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾವು ಮೂವರು ಸೇರಿ ಹಳೆಯ ಕೃತಿಯೊಂದನ್ನು ಗಣಕಕ್ಕೆ ಏರಿಸುತ್ತಿದ್ದೆವು. ಮೊದಲ ಪಾಠ ಸಿದ್ಧವಾದಾಗ ಮುದ್ರೆಯೊತ್ತಿ ಒಪ್ಪಿಸಿದೆ. ವಾರದೊಳಗೆ ಕೆಲವು ಸ್ಖಾಲಿತ್ಯಗಳು ಕಣ್ಣಿಗೆ ಬಿದ್ದವು. ತಿದ್ದಿದೆ, ತಪ್ಪು ಮಾಡಿದೆನೆಂದು ತೋರಿಸಿಕೊಳ್ಳಲು ನಾಚಿ, ಅದೇ ಮುದ್ರೆಯನ್ನು ಬಲಾತ್ಕಾರದಿಂದ ಹೊಸ ಪಾಠಕ್ಕೆ ಸರಿಸಿದೆ. ಯಾರಿಗೂ ತಿಳಿಸಲಿಲ್ಲ.

ಬೇರೊಂದು ಊರಿನಲ್ಲಿದ್ದ ನನ್ನ ಕಿರಿಯ ಸಹಕಾರಿ ಮೊದಲ ಪಾಠವನ್ನು ಆಗಲೇ ತರಿಸಿಕೊಂಡು, ಅದರಿಂದ ಉದ್ಧರಿಸಿ ಪ್ರಬಂಧ ಬರೆದಿದ್ದರು. ಒಮ್ಮೆ ತಂದುಕೊಂಡ ಮುದ್ರೆಯನ್ನು ಗಿಟ್ ತಾನಾಗಿ ಬದಲಿಸುವುದಿಲ್ಲ. ಆದುದರಿಂದ ಅವರ ಬಳಿ ಹಳೆಯದೇ ಉಳಿದಿತ್ತು. ಪ್ರಬಂಧವನ್ನು ನೋಡಿ, ಪಾಠವನ್ನು ಸರಿಯಾಗಿ ನೋಡದೆ ಉದ್ಧರಿಸಿದ್ದೀರೆಂದು ನಾಲ್ವರೆದುರು ನಾನೇ ಅವರನ್ನು ಆಕ್ಷೇಪಿಸಿದೆ. ಅವರು ಮರುಮಾತಾಡದೆ ತಮ್ಮ ಪ್ರತಿಯನ್ನು ತೆರೆದು ತೋರಿಸಿದರು. ಹೆಸರು ಒಂದೇ, ಪಾಠ ಎರಡು. ತಪ್ಪಿತಸ್ಥ ನಾನಾಗಿದ್ದೆ. ಅಂದೇ ಕ್ಷಮೆ ಕೇಳಿದೆ. ಮುದ್ರೆಯನ್ನು ಮೊದಲಿನ ಜಾಗಕ್ಕೆ ತಂದು, ತಿದ್ದಿದ ಪಾಠಕ್ಕೆ ಬೇರೆ ಮುದ್ರೆಯೊತ್ತಿ, ಏನು ತಿದ್ದಿದೆನೆಂಬುದನ್ನು ಟಿಪ್ಪಣಿಯಲ್ಲಿ ಬರೆದೆ. ಅಚ್ಚಿನ ಪುಸ್ತಕಗಳಲ್ಲಿ ನಮ್ಮ ಹಿರಿಯರು ಶುದ್ಧಾಶುದ್ಧ ಪತ್ರಿಕೆಯನ್ನು ಅಂಟಿಸುತ್ತಿದ್ದುದು ಇದಕ್ಕೇ. ತಪ್ಪನ್ನು ಒಪ್ಪಿಕೊಂಡ ಗ್ರಂಥವನ್ನು ನಂಬಬಹುದು, ಮುಚ್ಚಿಟ್ಟುಕೊಂಡದ್ದನ್ನು ನಂಬಲಾಗದು.

ಪರಂಪರೆಯ ಸಾಕ್ಷ್ಯ

ಈ ವಿವೇಕ ನಮಗೆ ಹೊಸದಲ್ಲ. 'ಶೂನ್ಯಸಂಪಾದನೆ' ನಾಲ್ಕು ಪರಿಷ್ಕರಣಗಳಲ್ಲಿ ದೊರೆತಿದೆ: ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ ಮತ್ತು ಗೂಳೂರ ಸಿದ್ಧವೀರಣ್ಣೊಡೆಯ ಇವರವು. ಸಿದ್ಧರಾಮರ ದೀಕ್ಷೆಯಂತಹ ಪ್ರಸಂಗಗಳಲ್ಲಿ ಇವು ಒಂದೇ ದಾರಿ ಹಿಡಿಯುವುದಿಲ್ಲ. ಆದರೆ ಹಿಂದಿನದು ಒಪ್ಪಿಗೆಯಾಗಲಿಲ್ಲವೆಂದು ಅದರ ಹೆಸರಿನಲ್ಲಿಯೇ ತಮ್ಮ ಪಾಠವನ್ನು ತುಂಬಲಿಲ್ಲ. ತಮ್ಮ ತಮ್ಮ ಹೆಸರಿನಲ್ಲಿ ಹೊಸ ಶಾಖೆ ತೆಗೆದರು. ಆದುದರಿಂದಲೇ ಇಂದು ನಾಲ್ಕನ್ನೂ ಎದುರಿಗಿಟ್ಟು ತೂಗಿ ನೋಡಲು ಸಾಧ್ಯವಾಗಿದೆ.

ಅಂಕಿತದ ಮಾತೂ ಹಾಗೆಯೇ. ಅಂಕಿತ ವಚನಕಾರನ ಮುದ್ರೆ. ಅದು ಸರಿದರೆ ವಚನದ ಗುರುತೇ ಸರಿಯುತ್ತದೆ. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಅಚ್ಚಾದ ಸಂಕಲನವೊಂದನ್ನು ರಾಜ್ಯ ಸರ್ಕಾರ ೧೯೯೮ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ಎತ್ತಿಹಿಡಿಯಿತು. ಆ ವಾದವಿವಾದ ಈ ಲೇಖನದ ವಿಷಯವಲ್ಲ. ಒಂದು ಗುರುತಿನ ಸುತ್ತ ಎಷ್ಟು ಜನರ ನಂಬಿಕೆ ಕೂಡಿರುವುದೆಂಬುದಕ್ಕೆ ನಿದರ್ಶನವಾಗಿ ಮಾತ್ರ ಇದನ್ನು ನೆನೆದೆ.

ಉಪಸಂಹಾರ

ಮಕ್ಕಳಿಗೆ ಗಣಕವಿದ್ಯೆಯನ್ನು ಕಲಿಸುವ ಅಧ್ಯಾಪಕರು ಆಜ್ಞೆಗಳೊಡನೆ ಅವುಗಳ ಧರ್ಮವನ್ನೂ ಕಲಿಸಲಿ. ದೂರದ ಊರುಗಳಲ್ಲಿ ಇದೇ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಬಂದಾಗ ಒಂದು ದಿನ ಶಾಲೆಯಲ್ಲಿ ಕುಳಿತು ಹೇಳಿಕೊಡಲಿ. ದಾನಿಗಳು ಕೊಡಿಸುವ ಯಂತ್ರಗಳು ಕಾಲಕ್ರಮದಲ್ಲಿ ಹಳೆಯವಾಗುತ್ತವೆ. ಅವುಗಳಲ್ಲಿ ಕಲಿತ ನಡತೆ ಹಳೆಯದಾಗುವುದಿಲ್ಲ. ಬೆಳೆಯಬೇಕಾದುದನ್ನು ಬೆಳೆಯಲು ಬಿಡುವುದು, ನಿಲ್ಲಬೇಕಾದುದನ್ನು ಕದಲಿಸದಿರುವುದು, ತಪ್ಪಿದಾಗ ಹೊಸ ಹೆಸರಿನಲ್ಲಿ ಬಹಿರಂಗವಾಗಿ ತಿದ್ದಿಕೊಳ್ಳುವುದು: ಈ ಪಾಠದ ಸಾರ ಇಷ್ಟೇ.