ಶಾರ್ವರಿಯ ಯುಗಾದಿ ಕಲಿಸಿದ ಪಾಠ



ಹಬ್ಬ ಕೆಟ್ಟ ವರ್ಷದಲ್ಲಿಯೇ ಹಬ್ಬದ ಅರ್ಥ ತಿಳಿಯುತ್ತದೆ ಎಂಬುದಕ್ಕೆ ನಾವು ಕಣ್ಣಾರೆ ಕಂಡ ಉದಾಹರಣೆಯೊಂದಿದೆ. 2020ನೆಯ ಇಸವಿಯ ಯುಗಾದಿ ಮಾರ್ಚ್ 25, ಬುಧವಾರ ಬಂದಿತು. ಅದೇ ದಿನದಿಂದ ದೇಶಕ್ಕೆಲ್ಲ 21 ದಿನಗಳ ಲಾಕ್‌ಡೌನ್ ಜಾರಿಗೆ ಬಂದಿತು. ಹೊಸ ಸಂವತ್ಸರದ ಹೆಸರು ಶಾರ್ವರಿ. ಶರ್ವರಿ ಎಂದರೆ ರಾತ್ರಿ. ಹೆಸರಿಗೆ ತಕ್ಕಂತೆ ಮುಂಬಯಿಯ ಬೀದಿಗಳು ಹಗಲಿನಲ್ಲಿಯೇ ನಿರ್ಜನವಾದವು. ಪ್ರಯಾಣಿಕರ ರೈಲುಗಳು ಅದಕ್ಕೂ ಮೊದಲೇ ನಿಂತಿದ್ದವು. ಹಬ್ಬಕ್ಕೆ ಊರಿಗೆ ಹೊರಟವರು ಕಟ್ಟಿದ ಗಂಟನ್ನು ಬಿಚ್ಚಿ ಖೋಲಿಯಲ್ಲಿಯೇ ಕುಳಿತರು.

ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಬೆಲ್ಲವಿತ್ತು, ಬೇವಿರಲಿಲ್ಲ. ನಾವು ಬಾಗಿಲು ಹಾಕಿಕೊಂಡು ಡಬ್ಬಿಯಲ್ಲಿ ಅಕ್ಕಿ ಎಷ್ಟು ದಿನಕ್ಕಿದೆ ಎಂದು ಅಳೆಯುತ್ತಿದ್ದೆವು. ಆಗ ಪಕ್ಕದ ಖೋಲಿಯ ಮರಾಠಿ ಅಜ್ಜಿ, ತಮ್ಮ ಗುಡಿಗೆ ಕಟ್ಟಿ ಮಿಕ್ಕ ಬೇವಿನ ಕಡ್ಡಿಯನ್ನು ನಮ್ಮ ಹೊಸ್ತಿಲ ಮೇಲಿಟ್ಟು ಹೋದರು. "ನಿಮ್ಮ ಹಬ್ಬವೂ ಇವತ್ತೇ ಅಲ್ಲವೇ?" ಎಂದಷ್ಟೇ ಅವರ ಮಾತು. ನಮಗೆ ನಾಚಿಕೆಯಾಯಿತು. ಕೆಳಗಿನ ಮಹಡಿಯಲ್ಲಿ ಕಲಬುರಗಿ ಕಡೆಯ ಆರು ಮಂದಿ ಗೌಂಡಿ ಕೆಲಸದವರಿದ್ದಾರೆ, ಅವರು ಉಣ್ಣುತ್ತಿದ್ದ ಖಾನಾವಳಿ ಮುಚ್ಚಿದೆ ಎಂಬುದು ನಮಗೆ ಗೊತ್ತಿತ್ತು. ಆದರೆ ಅದುವರೆಗೆ ನೆನಪಿಗೆ ಬಂದಿರಲಿಲ್ಲ.

ಇಲ್ಲಿ ಒಂದು ಪದವನ್ನು ಬಿಡಿಸಿ ನೋಡೋಣ. ಕೃತ ಎಂದರೆ ಮಾಡಿದ್ದು. ಜ್ಞ ಎಂದರೆ ತಿಳಿದವನು. ತನಗೆ ಇತರರು ಮಾಡಿದ್ದನ್ನು ತಿಳಿದವನೇ ಕೃತಜ್ಞ. ಅಂದಮೇಲೆ ಕೃತಜ್ಞತೆಯು ಬಾಯಿಮಾತಿನ ಉಪಚಾರವಲ್ಲ, ಅದೊಂದು ಬಗೆಯ ಲೆಕ್ಕ. ಜಮೆಯ ಕಡೆಯಲ್ಲಿ ಯಾರು ಏನಿಟ್ಟರೆಂದು ಬರೆದು ನೋಡಿದವನಿಗೆ ಖರ್ಚಿನ ಕಡೆ ಬರೆಯತಕ್ಕದ್ದು ತಾನಾಗಿಯೇ ಕಾಣುತ್ತದೆ. ಶರಣರು ಕಾಯಕದ ಜೊತೆಗೆ ದಾಸೋಹವನ್ನು ಸೇರಿಸಿ ಹೇಳಿದ್ದರಲ್ಲಿಯೂ ಈ ತಿಳಿವಳಿಕೆಯೇ ಇದೆ: ದುಡಿದದ್ದೆಲ್ಲ ನನ್ನೊಬ್ಬನದಲ್ಲ.

ಅಂದಿನ ಸಂಜೆಯಿಂದ ಚಾಳಿನ ನಾಲ್ಕಾರು ಮನೆಗಳವರು ಸರದಿಯ ಮೇಲೆ ಆ ಖೋಲಿಗೆ ಅಡಿಗೆ ಕಳುಹಿಸಿದೆವು. ಆದರೆ ಸಹಾಯವೆಂದರೆ ಅನ್ನ ಒಂದೇ ಅಲ್ಲವೆಂದು ಮೇ ತಿಂಗಳಲ್ಲಿ ತಿಳಿಯಿತು. ಮೇ 1ರಂದು ತೆಲಂಗಾಣದ ಲಿಂಗಂಪಲ್ಲಿಯಿಂದ ಜಾರ್ಖಂಡದ ಹಟಿಯಾಕ್ಕೆ ಮೊದಲನೆಯ ಶ್ರಮಿಕ ವಿಶೇಷ ರೈಲು ಹೊರಟಿತು. ನಮ್ಮಲ್ಲಿಯೂ ಊರಿಗೆ ಹೋಗುವವರು ಅರ್ಜಿ ತುಂಬಬೇಕಾಯಿತು. ಅವರಲ್ಲಿ ಹಿರಿಯರೊಬ್ಬರು ಬಂದು, "ಸಾಹೇಬ್ರ, ಅಕ್ಕಿ ಸಾಕ್ರಿ, ಈ ಕಾಗದ ಒಂದು ತುಂಬಿ ಕೊಡ್ರಿ" ಎಂದರು. ಎಷ್ಟೋ ಮಹಡಿಗಳನ್ನು ಕಟ್ಟಿದ ಕೈ ಒಂದು ಹಾಳೆಯ ಮುಂದೆ ನಡುಗುತ್ತಿತ್ತು. ದಿನವಿಡೀ ಕಾಗದ ಬರೆದು ಬದುಕುವ ನಮಗೆ ಅದು ಕಾಲು ಗಂಟೆಯ ಕೆಲಸ.

ವಾಚಕರು ತಿಳಿದಿರಬೇಕಾದ ವಿಷಯ ಇನ್ನೊಂದಿದೆ. ಆ ವರ್ಷ ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಅನ್ನ ಯೋಜನೆಯಲ್ಲಿ ಆಹಾರ ಭದ್ರತೆಯ ಕಾರ್ಡಿದ್ದವರಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವು ಹೆಚ್ಚುವರಿಯಾಗಿ, ಉಚಿತವಾಗಿ ದೊರೆಯಿತು. ಆದರೆ ವಲಸೆ ಬಂದವರ ಕಾರ್ಡು ಊರಿನಲ್ಲಿ, ಹೊಟ್ಟೆ ಇಲ್ಲಿ! 2022ರ ಹೊತ್ತಿಗೆ 'ಒಂದು ದೇಶ, ಒಂದು ರೇಷನ್ ಕಾರ್ಡ್' ವ್ಯವಸ್ಥೆಯು ಎಲ್ಲ ರಾಜ್ಯಗಳಿಗೂ ಬಂದಿತು. ಕಾರ್ಡಿಗೆ ಆಧಾರ್ ಜೋಡಿಸಿದ್ದರೆ, ಅದರ ಸಂಖ್ಯೆ ಹೇಳಿ ಬೆರಳೊತ್ತಿ, ತಾವಿರುವ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ತಮ್ಮ ಪಾಲನ್ನು ಪಡೆಯಬಹುದು. ಊರಿನಲ್ಲಿರುವ ಮನೆಯವರು ಉಳಿದ ಪಾಲನ್ನು ಅಲ್ಲಿಯೇ ಪಡೆಯಬಹುದು. ಇದನ್ನು ತಿಳಿಯದವರಿಗೆ ತಿಳಿಸುವುದೂ ಒಂದು ದಾನವೇ.

ಆದುದರಿಂದ ಮೂರು ಮಾತುಗಳನ್ನು ನೆನಪಿಡೋಣ. ಮೊದಲನೆಯದು, ದೂರ ಹುಡುಕುವ ಮೊದಲು ಪಕ್ಕದ ಬಾಗಿಲನ್ನು ನೋಡುವುದು. ಎರಡನೆಯದು, ಏನು ಬೇಕೆಂದು ಕೇಳಿ ಕೊಡುವುದು; ನಮಗೆ ತೋಚಿದ್ದನ್ನೇ ಕೊಟ್ಟರೆ ಅವರ ಕೊರತೆ ಹಾಗೆಯೇ ಉಳಿದೀತು. ಮೂರನೆಯದು, ಕೊಟ್ಟದ್ದನ್ನು ನಾಲ್ವರ ಮುಂದೆ ಆಡದಿರುವುದು, ತೆಗೆದುಕೊಂಡವರಿಗೂ ಮಾನವಿದೆ.

ಈ ಪಾಠಕ್ಕೆ ಅಭ್ಯಾಸವೂ ಒಂದುಂಟು. ಮುಂದಿನ ಹಬ್ಬದ ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಗೆರೆ ಎಳೆದು, ಎಡಕ್ಕೆ ಈ ವರ್ಷ ನಮಗೆ ನೆರವಾದವರ ಹೆಸರುಗಳನ್ನೂ ಬಲಕ್ಕೆ ನಾವು ನೆರವಾದವರ ಹೆಸರುಗಳನ್ನೂ ಬರೆಯೋಣ. ನಮ್ಮ ಹಾಳೆಯಲ್ಲಿ ಎಡಗಡೆಯೇ ಉದ್ದವಾಗಿತ್ತು. ಮೊದಲನೆಯ ಸಾಲಿನಲ್ಲಿ ಬೇವು ಕೊಟ್ಟ ಅಜ್ಜಿಯವರಿದ್ದರು.